ಚೀಟಿ ಬರೆಯುವವರು, ಗಾಜು ಕೂಡಿಸುವವರು

ಉಚಿತವಾಗಿ ಕೊಟ್ಟ ಕನ್ನಡಕಗಳು ಆಮೇಲೆ ಏನಾಗುತ್ತವೆ ಎಂದು ಕಣ್ಣಿನ ಶಿಬಿರ ನಡೆಸುವ ನಮ್ಮಂಥವರು ಅಷ್ಟು ಸುಲಭಕ್ಕೆ ಕೇಳಿಕೊಳ್ಳುವುದಿಲ್ಲ. ಕೊಟ್ಟದ್ದಕ್ಕೆ ಲೆಕ್ಕವಿದೆ, ಫೋಟೊ ಇದೆ, ಫಲಾನುಭವಿಯ ಹೆಬ್ಬೆಟ್ಟೂ ಇದೆ. ನಮ್ಮ ಬಾಗಲಕೋಟೆ ಜಿಲ್ಲೆಯ ಹುನಗುಂದ, ಇಳಕಲ್ಲು, ಗುಳೇದಗುಡ್ಡದ ಕಡೆ ಮನೆಗಳಿಗೆ ಹೋಗಿ "ಕೊಟ್ಟ ಚಸ್ಮಾ ಎಲ್ಲೈತ್ರಿ?" ಎಂದು ಕೇಳಿದರೆ ಬೇರೆಯದೇ ಲೆಕ್ಕ ಸಿಗುತ್ತದೆ. ಗೋಡೆಯ ಮಾಡದೊಳಗಿಂದ, ಟ್ರಂಕಿನ ತಳದಿಂದ, ದೇವರ ಫೋಟೊದ ಹಿಂದಿನಿಂದ ಡಬ್ಬಿ ಹೊರಗೆ ಬರುತ್ತದೆ. ಗಾಜಿನ ಮೇಲೆ ಒಂದು ಗೀರಿರುವುದಿಲ್ಲ, ಒರೆಸುವ ಬಟ್ಟೆಯ ಮಡಿಕೆ ಕೂಡ ಬಿಚ್ಚಿರುವುದಿಲ್ಲ. "ಛಲೋ ಐತಂತ ತೆಗದಿಟ್ಟೀನವ್ವಾ, ಹಾಳಾಗಬಾರದಲ್ಲ" ಎನ್ನುತ್ತಾರೆ. ಅದು ಮರ್ಯಾದೆಯ ಮಾತು. ಸ್ವಲ್ಪ ಹೊತ್ತು ಕೂತು, ಚಹಾ ಕುಡಿದ ಮೇಲೆ ನಿಜ ಬರುತ್ತದೆ: ಹಾಕಿಕೊಂಡರೆ ನೆಲ ಏಳುತ್ತದೆ, ಮೂಗಿನಿಂದ ಜಾರುತ್ತದೆ, ಕಿವಿ ಹಿಂದೆ ಕೊರೆಯುತ್ತದೆ, ಕೆಲಸ ಕಾಣುವುದಿಲ್ಲ.

ಕಣ್ಣಿನ ಕ್ಲಿನಿಕ್ಕು ಮತ್ತು ಕನ್ನಡಕದಂಗಡಿಗಳ ನಡುವೆ ಓಡಾಡುವುದು ನನ್ನ ಕೆಲಸ. ಕಾಗದದಲ್ಲಿ 'ಸಂಯೋಜಕಿ' ಎಂದಿದೆ. ಒಂದು ಆಸ್ಪತ್ರೆಯ ಟ್ರಸ್ಟು ತಾಲ್ಲೂಕಿನ ಊರುಗಳಲ್ಲಿ ಒಂದೊಂದು ಕೋಣೆಯ ಕ್ಲಿನಿಕ್ಕು ಇಟ್ಟಿದೆ. ಅಲ್ಲಿ ಕಣ್ಣಿನ ನಂಬರು ನೋಡುವ ಒಬ್ಬರು ಆಪ್ಟೊಮೆಟ್ರಿಸ್ಟು, ಕಣ್ಣಿಗೆ ಬೆಳಕು ಹಾಯಿಸಿ ನೋಡುವ ಒಂದು ಸ್ಲಿಟ್ ಲ್ಯಾಂಪು, ಗಾಜುಗಳ ಟ್ರಯಲ್ ಪೆಟ್ಟಿಗೆ, ಗೋಡೆಗೆ ಅಕ್ಷರಗಳ ಚಾರ್ಟು, ಓದಲು ಬಾರದವರಿಗೆ ದಿಕ್ಕು ತೋರಿಸುವ 'ಇ' ಚಾರ್ಟು. ನಂಬರು ಬರೆದ ಚೀಟಿ ಅಲ್ಲಿಂದ ಹೊರಡುತ್ತದೆ. ಕನ್ನಡಕ ಆಗುವುದು ಬಸ್‌ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ, ಇಲ್ಲವೇ ಎಲ್ಲೋ ದೂರದ ಗುತ್ತಿಗೆದಾರನ ಲ್ಯಾಬಿನಲ್ಲಿ. ಚೀಟಿಗೂ ಕನ್ನಡಕಕ್ಕೂ ನಡುವೆ ಏನೇ ಕೆಟ್ಟರೂ ಫೋನು ಬರುವುದು ನನಗೆ.

ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕ್ಲಿನಿಕ್ಕಿನವರ ಕಣ್ಣಿಗೆ ಅಂಗಡಿಯವರು ವ್ಯಾಪಾರಿಗಳು: ಬೇಡದವರಿಗೂ ಕೋಟಿಂಗ್ ಹಚ್ಚಿದ ಗಾಜು ದಾಟಿಸುವವರು. ಅಂಗಡಿಯವರ ಕಣ್ಣಿಗೆ ಕ್ಲಿನಿಕ್ಕಿನವರು ದಾನದ ಹೆಸರಲ್ಲಿ ಗಿರಾಕಿ ಕಸಿಯುವವರು, ಕೆಟ್ಟ ಫ್ರೇಮು ಹಂಚಿ ರಿಪೇರಿಗೆ ಇತ್ತ ಕಳಿಸುವವರು. ಎರಡರಲ್ಲೂ ನಿಜವಿದೆ. ಇಷ್ಟು ಕಾಲ ಎರಡೂ ಕಡೆ ಕೂತು ಕೇಳಿದ ಮೇಲೆ ನನ್ನ ಒಲವು ಅಂಗಡಿಯವರ ಕಡೆಗೇ ಸ್ವಲ್ಪ ಹೆಚ್ಚಿದೆ.

ಕನ್ನಡಕ ಯಾವಾಗ ಚಿಲ್ಲರೆ ಸಾಮಾನಾಯಿತು

ನಮ್ಮ ಜಿಲ್ಲೆಯಲ್ಲಿ ಕಣ್ಣಿನ ಶಿಬಿರ ಎಂದರೆ ಹಿರಿಯರು ಇಂದಿಗೂ ಮೊದಲು ಹೇಳುವ ಹೆಸರು ಡಾ. ಎಂ.ಸಿ. ಮೋದಿಯವರದು. ಅವರು ಬೀಳಗಿಯವರೇ. ಊರೂರಿಗೆ ಹೋಗಿ ಶಾಲೆ, ಛತ್ರಗಳಲ್ಲೇ ಸಾಲು ಸಾಲು ಜನರ ಪೊರೆ ತೆಗೆದವರು. ಆ ಕಾಲದ ಆಪರೇಷನ್ನಿನಲ್ಲಿ ಪೊರೆಯ ಜೊತೆ ಕಣ್ಣಿನ ಮಸೂರವೇ ಹೊರಗೆ ಬರುತ್ತಿತ್ತು, ಒಳಗೆ ಬದಲಿ ಮಸೂರ ಇಡುತ್ತಿರಲಿಲ್ಲ. ಹಾಗಾಗಿ ಪಟ್ಟಿ ಬಿಚ್ಚಿದ ಮೇಲೆ ಪ್ಲಸ್ ಹತ್ತರ ಆಸುಪಾಸಿನ ದಪ್ಪ ಗಾಜು ಬೇಕೇ ಬೇಕು. ಆ ಗಾಜಿನ ಹಿಂದೆ ಕಣ್ಣು ಎಷ್ಟು ದೊಡ್ಡದಾಗಿ ಕಾಣುತ್ತಿತ್ತೆಂದು ಅಜ್ಜ ಅಜ್ಜಿಯರ ಹಳೆಯ ಫೋಟೊ ಇಟ್ಟುಕೊಂಡವರಿಗೆ ಗೊತ್ತು. ಚಸ್ಮಾ ಒಡೆದರೆ ಆಪರೇಷನ್ನೇ ವ್ಯರ್ಥ. ಆದ್ದರಿಂದ ಡಾಕ್ಟರಿಗೂ ಅದು ಅರ್ಧ ಆಪರೇಷನ್ನಿನಷ್ಟೇ ಮುಖ್ಯವಾಗಿತ್ತು.

ಆಮೇಲೆ ಕಣ್ಣೊಳಗೆ ಕೂಡಿಸುವ ಮಸೂರ ಬಂತು. 1992ರಲ್ಲಿ ಮದುರೆಯ ಅರವಿಂದ ಕಣ್ಣಾಸ್ಪತ್ರೆಯವರ ಅರೋಲ್ಯಾಬ್ ಅದನ್ನು ಇಲ್ಲೇ ತಯಾರಿಸತೊಡಗಿದ ಮೇಲೆ ಬಡವರಿಗೂ ನಿಲುಕಿತು. ದೊಡ್ಡ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಬೆನ್ನಿಗೇ ಕನ್ನಡಕ ಡಾಕ್ಟರುಗಳ ಮನಸ್ಸಿನಿಂದ ಇಳಿದುಹೋಯಿತು ಎಂದು ನನಗನಿಸುತ್ತದೆ. ಆಪರೇಷನ್ ಮಾಡಿದರೆ ದೂರದ್ದು ಹೇಗೂ ಕಾಣುತ್ತದೆ, ಹತ್ತಿರದ್ದಕ್ಕೆ ಒಂದು ಚಾಳೀಸು ಕೊಟ್ಟರಾಯಿತು. ಕನ್ನಡಕ ಸ್ಟೋರಿನ ಸಾಮಾನಾಯಿತು: ಹತ್ತಿ, ಔಷಧದ ಬಾಟಲಿ, ಕನ್ನಡಕ. 1976ರಲ್ಲಿ ಶುರುವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವೂ ಬಹುಕಾಲ ಪೊರೆಯ ಆಪರೇಷನ್ನುಗಳ ಎಣಿಕೆಯಲ್ಲೇ ಮುಳುಗಿತ್ತು. ಈಗ ಹೆಸರಿಗೆ 'ದೃಷ್ಟಿದೋಷ'ವೂ ಸೇರಿದೆ. ನಮ್ಮ ರಾಜ್ಯದ ಆಶಾಕಿರಣ ಯೋಜನೆಯಲ್ಲಿ ಮನೆಬಾಗಿಲಿಗೇ ತಪಾಸಣೆ ಬಂದು ಕನ್ನಡಕವೂ ಉಚಿತವಾಗಿ ಸಿಗುತ್ತಿದೆ. ಸಂತೋಷವೇ. ಆದರೆ ಮನೆಬಾಗಿಲಿಗೆ ಬಂದ ಕನ್ನಡಕದ ಸ್ಕ್ರೂ ಬಿದ್ದಾಗ ಯಾವ ಬಾಗಿಲಿಗೆ ಹೋಗಬೇಕೆಂದು ಜನ ನನ್ನನ್ನು ಕೇಳುತ್ತಾರೆ. ನಾನು ಬಸ್‌ಸ್ಟ್ಯಾಂಡಿನ ಎದುರಿನ ಅಂಗಡಿ ತೋರಿಸುತ್ತೇನೆ. ಆ ಅಂಗಡಿಯವರಿಗೆ ಈ ಯಾವ ಯೋಜನೆಯ ಕಾಗದದಲ್ಲೂ ಜಾಗವಿಲ್ಲ.

ಚೀಟಿಯಲ್ಲಿ ಇಲ್ಲದ್ದು

ಚೀಟಿ ಚಿಕ್ಕದು, ಅದರಲ್ಲಾಗುವ ಅನಾಹುತಗಳೂ ಚಿಕ್ಕವೇ. ಸಿಲಿಂಡರ್ ಅಂದರೆ ಗಾಜಿನ ಒಂದು ದಿಕ್ಕಿಗಷ್ಟೇ ಬೇಕಾದ ಹೆಚ್ಚುವರಿ ಪವರು, ಅದನ್ನು ಕೂಡಿಸುವ ಕೋನ ಆಕ್ಸಿಸ್. ಆಪ್ಟೊಮೆಟ್ರಿಸ್ಟರು ಸಾಮಾನ್ಯವಾಗಿ ಸಿಲಿಂಡರನ್ನು ಮೈನಸ್‌ನಲ್ಲಿ ಬರೆಯುತ್ತಾರೆ, ಡಾಕ್ಟರುಗಳಲ್ಲಿ ಹಲವರು ಪ್ಲಸ್‌ನಲ್ಲಿ. ಒಬ್ಬರು +1.00, ಸಿಲಿಂಡರ್ −2.00, ಆಕ್ಸಿಸ್ 90 ಎಂದು ಬರೆದದ್ದನ್ನೇ ಇನ್ನೊಬ್ಬರು −1.00, ಸಿಲಿಂಡರ್ +2.00, ಆಕ್ಸಿಸ್ 180 ಎಂದು ಬರೆಯುತ್ತಾರೆ. ಎರಡೂ ಒಂದೇ ಗಾಜು. ಅಂಗಡಿಯವರಿಗೆ ಇದು ಗೊತ್ತು. ರೋಗಿಯ ಮಗನಿಗೆ ಗೊತ್ತಿಲ್ಲ. ಒಮ್ಮೆ ಒಬ್ಬ ಹುಡುಗ ಅವ್ವನ ಎರಡು ಚೀಟಿ ಹಿಡಿದು ಅಂಗಡಿಯ ಕಟ್ಟೆ ಹತ್ತಿ, ಒಂದರಲ್ಲಿ ಪ್ಲಸ್ಸು, ಒಂದರಲ್ಲಿ ಮೈನಸ್ಸು, ಯಾರು ಕಳ್ಳರು ಹೇಳಿ ಎಂದು ಕೂಗಾಡಿದ್ದ. ಅಂಗಡಿಯ ಕಾಕಾ ಗಾಜಿನ ನಂಬರು ಅಳೆಯುವ ಲೆನ್ಸೋಮೀಟರಿನ ಮುಂದೆ ಅವನನ್ನೇ ಕೂರಿಸಿ ಗಾಜು ತಿರುಗಿಸಿ ತೋರಿಸಿದರು. ಹುಡುಗ ಒಪ್ಪಿದಂತೆ ತಲೆ ಆಡಿಸಿ ಹೋದ, ಕನ್ನಡಕ ಮಾತ್ರ ಬಾಗಲಕೋಟೆಯಲ್ಲಿ ಮಾಡಿಸಿದನಂತೆ.

ಚೀಟಿಯಲ್ಲಿ ಬರೆಯದೇ ಬಿಡುವುದರಿಂದ ಆಗುವ ತೊಂದರೆ ಇದಕ್ಕಿಂತ ದೊಡ್ಡದು. ಪಿಡಿ, ಅಂದರೆ ಎರಡು ಕಣ್ಣುಗಳ ಪಾಪೆಗಳ ನಡುವಿನ ಅಂತರ, ಶಿಬಿರದ ಚೀಟಿಗಳಲ್ಲಿ ಬಹುಪಾಲು ಖಾಲಿ. ಗಾಜಿನ ಮಧ್ಯಬಿಂದು ಕಣ್ಣಿನ ನೇರಕ್ಕೆ ಬರಬೇಕೆಂದರೆ ಅದು ಬೇಕೇ ಬೇಕು. ಸಣ್ಣ ನಂಬರಿಗೆ ಎರಡು ಮೂರು ಮಿಲಿಮೀಟರ್ ಆಚೀಚೆಯಾದರೆ ನಡೆಯುತ್ತದೆ. ಶಾಲೆಯ ತಪಾಸಣೆಯಲ್ಲಿ ಸಿಕ್ಕ ಒಬ್ಬ ಹುಡುಗಿಯ ನಂಬರು ಎರಡೂ ಕಣ್ಣಿಗೆ ಮೈನಸ್ ಆರು, ಪಿಡಿ 56 ಮಿಲಿಮೀಟರ್. ಅವಳಿಗೆ ಬಂದ ಕನ್ನಡಕ ದೊಡ್ಡವರ ಲೆಕ್ಕದ 62ಕ್ಕೆ ಕೂಡಿಸಿದ್ದು. ಒಂದೊಂದು ಕಣ್ಣಿಗೆ ಮೂರು ಮಿಲಿಮೀಟರ್ ತಪ್ಪಿತು. ಸೆಂಟಿಮೀಟರಿನ ಲೆಕ್ಕದಲ್ಲಿ ಆ ಅಂತರವನ್ನು ಪವರಿನಿಂದ ಗುಣಿಸಿದರೆ ಎಷ್ಟು ಪ್ರಿಸಂ, ಅಂದರೆ ಬೆಳಕು ಪಕ್ಕಕ್ಕೆ ಎಷ್ಟು ಬಾಗುತ್ತದೆ ಎಂದು ಸಿಗುತ್ತದೆ: ಒಂದು ಕಣ್ಣಿಗೆ 1.8, ಎರಡೂ ಸೇರಿ 3.6. ಅಷ್ಟು ಹೊತ್ತೂ ಕಣ್ಣುಗಳು ಎಳೆದಾಡುತ್ತಲೇ ಇರಬೇಕು. ಹುಡುಗಿಗೆ ತಲೆನೋವು, ಮನೆಯವರಿಗೆ "ಚಸ್ಮಾ ಹಾಕಿದ್ದಕ್ಕ ಕಣ್ಣ ಕೆಟ್ಟುವು" ಎಂಬ ಖಾತ್ರಿ. ನಂಬರು ಸರಿಯಾಗಿದೆ ಎಂದು ಕ್ಲಿನಿಕ್ಕು ಹೇಳಿತು. ನಿಜವೇ, ನಂಬರು ಸರಿಯಾಗಿಯೇ ಇತ್ತು. ಕಾಕಾ ಸ್ಕೇಲು ಹಿಡಿದು ಅವಳ ಹಣೆಗೆ ಕೈಯಾನಿಸಿ ಅಳತೆ ತೆಗೆದು, ಚಿಕ್ಕ ಫ್ರೇಮಿಗೆ ಅವೇ ಗಾಜುಗಳನ್ನು ಮತ್ತೆ ಕಡಿದು ಕೂಡಿಸಿದರು. ಅದಕ್ಕೆ ಯಾವ ಬಿಲ್ಲೂ ಆಗಲಿಲ್ಲ. ಆಗ ಅಂಥದಕ್ಕೆ ಬಿಲ್ಲು ಹಾಕುವ ಕಾಲಮ್ಮೇ ಇರಲಿಲ್ಲ.

ಕುಣಿಮಗ್ಗದ ದೂರ

ಇಳಕಲ್ಲಿನ ಒಬ್ಬ ಹಿರಿಯ ನೇಕಾರರ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ವಯಸ್ಸು ಐವತ್ತೈದು ದಾಟಿದೆ, ಕುಣಿಮಗ್ಗ, ಮನೆಯಲ್ಲೇ ಕೆಲಸ. ನಮ್ಮ ಕ್ಲಿನಿಕ್ಕಿನಲ್ಲಿ ಅವರಿಗೆ ದೂರದ್ದು ಚೆನ್ನಾಗಿ ಕಂಡಿತು, ಹತ್ತಿರದ ಚಾರ್ಟಿನಲ್ಲಿ +2.25 ಹಾಕಿದಾಗ ಅತಿ ಸಣ್ಣ ಸಾಲನ್ನೂ ಓದಿದರು. ಚೊಕ್ಕ ತಪಾಸಣೆ, ಚೊಕ್ಕ ಚೀಟಿ. ಕನ್ನಡಕ ಹೋಯಿತು, ಮಾಡ ಸೇರಿತು.

ನಾನು ಹೋದಾಗ ಅವರು ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ಬರಿಗಣ್ಣಲ್ಲೇ ನೇಯುತ್ತಿದ್ದರು. ಎಳೆ ಹರಿದರೆ ಸೊಸೆಯನ್ನು ಕೂಗುತ್ತಿದ್ದರು. ಅಡುಗೆಮನೆಯಿಂದ ಅವಳು ಬಂದು ಎಳೆ ಹುಡುಕಿ ಗಂಟು ಹಾಕಿ ಹೋಗುವುದು, ಮತ್ತೆ ಲಾಳಿ ಓಡುವುದು, ಮತ್ತೆ ಕೂಗು. ಸೊಸೆಯ ಮುಖ ನೋಡಿದರೆ ಈ ಮನೆಯಲ್ಲಿ ಕನ್ನಡಕ ಯಾರಿಗೆ ಹೆಚ್ಚು ಬೇಕಾಗಿದೆ ಎಂದು ತಿಳಿಯುತ್ತಿತ್ತು.

"ಅಜ್ಜಾರ, ಚಸ್ಮಾ ಯಾಕ ಹಾಕ್ಕೊಳ್ಳಂಗಿಲ್ಲ?"

"ಅದು ಓದೋ ಚಸ್ಮಾ ತಂಗಿ. ನಾ ಏನ್ ಓದಾಂವ? ಹಾಕ್ಕೊಂಡ್ರ ಕೈ ಕಾಣ್ತೈತಿ, ಮಗ್ಗ ಮಬ್ಬ ಆಕ್ಕೈತಿ. ನೇಯಬೇಕಂದ್ರ ಹಿಂಗ ಬಗ್ಗಬೇಕು ನೋಡು." ಬಗ್ಗಿ ತೋರಿಸಿದರು. ಮೂಗು ಹೋಗಿ ಬಟ್ಟೆಗೆ ತಾಗುವಷ್ಟು ಬಗ್ಗಿದರೆ ಬೆನ್ನಿನ ಗತಿ ಏನು ಎಂದು ನಾನು ಕೇಳಲಿಲ್ಲ, ಅವರೇ ಸೊಂಟ ಹಿಡಿದುಕೊಂಡು ನಕ್ಕರು.

ಸೊಸೆ ಟೇಪು ತಂದಳು. ಕಣ್ಣಿನಿಂದ, ಮಗ್ಗದ ಬಾಚಣಿಗೆಯಂಥ ಹಣಿಗೆ ಬಡಿದು ಹೊಸ ಎಳೆ ಕೂರುವ ಜಾಗಕ್ಕೆ ಎರಡಡಿ, ಅಂದರೆ 60 ಸೆಂಟಿಮೀಟರ್. ಅದನ್ನು ಅಂಗೈಯಲ್ಲಿ ಬರೆದುಕೊಂಡು ಕಾಕಾನ ಅಂಗಡಿಗೆ ಹೋದೆ. ಕಾಕಾ ಗಲ್ಲಾಪೆಟ್ಟಿಗೆಯ ಮೇಲೆಯೇ ಲೆಕ್ಕ ಹಾಕಿದರು. ನೂರು ಸೆಂಟಿಮೀಟರನ್ನು ಕೆಲಸದ ದೂರದಿಂದ ಭಾಗಿಸಿದರೆ ಕಣ್ಣಿಗೆ ಎಷ್ಟು ಬಲ ಬೇಕೆಂದು ಬರುತ್ತದೆ. ಓದುವ ದೂರ 40 ಎಂದರೆ ಎರಡೂವರೆ. ಮಗ್ಗದ 60ಕ್ಕೆ ಒಂದೂ ಮುಕ್ಕಾಲಕ್ಕೂ ಕಡಿಮೆ. ಕಣ್ಣಿನ ಸ್ವಂತ ಬಲ ಇನ್ನೂ ಸ್ವಲ್ಪ ಉಳಿದಿರುತ್ತದೆ, ಅದನ್ನೂ ಕಳೆಯಬೇಕು. "ಒಂದೂವರೆ ಹಾಕಿ ನೋಡೂಣು, ಅವರನ್ನ ಕರ್ಕೊಂಡ ಬರ್ರಿ. ಇಲ್ಲಂದ್ರ ನಾನ ಬರ್ತೀನಿ, ಮಗ್ಗದ ಮ್ಯಾಲೇ ನೋಡಿದ್ರ ಛಲೋ" ಎಂದರು.

ಮಧ್ಯಾಹ್ನ ಅಂಗಡಿ ಮುಚ್ಚುವ ಹೊತ್ತಿಗೆ ಟ್ರಯಲ್ ಫ್ರೇಮು, ನಾಲ್ಕು ಜೋಡಿ ಗಾಜು ಕಾಗದದಲ್ಲಿ ಸುತ್ತಿಕೊಂಡು ಕಾಕಾ ಬಂದರು. ಅಜ್ಜ ಕುಣಿಯಲ್ಲಿ ಕೂತರು. +1.50 ಹಾಕಿದ ಮೇಲೆ ಸ್ವಲ್ಪ ಹೊತ್ತು ಏನೂ ಮಾತಾಡದೆ ನೇಯ್ದರು. ಆಮೇಲೆ ದಡಿಯಲ್ಲಿ ಒಂದು ಕಡೆ ಬೆರಳಿಟ್ಟು, ನಿನ್ನೆ ನೇಯ್ದ ಭಾಗದಲ್ಲಿ ತಪ್ಪಿದ ಎಳೆಯೊಂದನ್ನು ತಾವೇ ಹಿಡಿದು ಸೊಸೆಗೆ ತೋರಿಸಿದರು. ಅದು ಸಂತೋಷವೋ ಸಿಟ್ಟೋ ನನಗೆ ತಿಳಿಯಲಿಲ್ಲ.

ನನಗೆ ಹೊಳೆಯದೇ ಇದ್ದದ್ದು ಇನ್ನೊಂದಿತ್ತು. ಇಳಕಲ್ ಸೀರೆಯ ಒಡಲಿನ ಹಾಸು, ಅಂದರೆ ಮಗ್ಗದ ಉದ್ದದ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸಬೇಕು. ಕೊಂಡಿ ಹಾಕುವಾಗ ಎಳೆಯನ್ನು ಕಣ್ಣಿಗೆ ಹತ್ತಿರ ಹಿಡಿಯಲೇಬೇಕು. "ಆ ಸರ್ಕಾರೀ ಚಸ್ಮಾ ಒಗೀಬ್ಯಾಡ್ರಿ ಮತ್ತ, ಕೊಂಡಿಗೆ ಅದ ಬೇಕು" ಎಂದರು ಕಾಕಾ. ನಮ್ಮದು ಸರ್ಕಾರದ್ದಲ್ಲ, ಟ್ರಸ್ಟಿನದು ಎಂದು ಹೇಳಲು ಹೋಗಲಿಲ್ಲ. ಮಾಡದಲ್ಲಿದ್ದ +2.25 ಹೀಗೆ ಹೊರಗೆ ಬಂತು.

ಆ ದಿನ ಕಾಕಾ ಮಾಡಿದ್ದರಲ್ಲಿ ವಿದ್ಯೆಗಿಂತ ಹೆಚ್ಚಾಗಿ ಪರಿಚಯ ಇತ್ತು. ಅವರ ಮನೆತನವೂ ಒಂದು ಕಾಲಕ್ಕೆ ನೇಯ್ಗೆಯದೇ. ಯಾವ ಕೆಲಸಕ್ಕೆ ಎಷ್ಟು ಬಗ್ಗಬೇಕು ಎಂದು ಅವರಿಗೆ ಗೊತ್ತು. ಆಪ್ಟೊಮೆಟ್ರಿಸ್ಟ್ ಹುಡುಗಿ ಓದಿ ಬಂದವಳು, ಜಾಣೆ. ಆದರೆ ಅವಳ ಊರು ಸಮುದ್ರದ ಕಡೆ, ಕುಣಿಮಗ್ಗ ನೋಡಿದ್ದೇ ಇಲ್ಲಿಗೆ ಬಂದ ಮೇಲೆ. ಅಸ್ಸಾಮಿನ ಚಹಾ ತೋಟದಲ್ಲಿ ನಲವತ್ತು ದಾಟಿದ ಕೆಲಸಗಾರರಿಗೆ ಹತ್ತಿರದ ಕನ್ನಡಕ ಕೊಟ್ಟು ನೋಡಿದ ಅಧ್ಯಯನ 2018ರಲ್ಲಿ ಲಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂತು. ಕನ್ನಡಕ ಸಿಕ್ಕವರ ದಿನದ ಕೊಯ್ಲು ಸಿಗದವರಿಗಿಂತ ಶೇ 21.7ರಷ್ಟು ಹೆಚ್ಚು ಏರಿತ್ತು. ದುಡ್ಡು ಕೊಡುವವರ ಮುಂದೆ ನಾವೆಲ್ಲ ಈ ಅಂಕಿಯನ್ನು ಮಂತ್ರದಂತೆ ಹೇಳುತ್ತೇವೆ. ಚಹಾ ಚಿಗುರು ಕೀಳುವ ದೂರ ಬೇರೆ, ಮಗ್ಗದ ದೂರ ಬೇರೆ, ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುವವರ ದೂರ ಬೇರೆ ಎಂದು ಹೇಳುವವರು ಕಡಿಮೆ.

ಇದಾದ ಮೇಲೆ ಚೀಟಿಯಲ್ಲಿ 'ಕೆಲಸ', 'ಕೆಲಸದ ದೂರ' ಎಂದು ಎರಡು ಗೆರೆ ಸೇರಿಸಿಸಿದೆ. ಮೊದಲ ಗೆರೆಯಲ್ಲಿ ಹೆಚ್ಚಿನವರಿಗೆ 'ಕೂಲಿ' ಎಂದು ಬರೆದು ಬರುತ್ತದೆ, ಎರಡನೆಯದು ಖಾಲಿ. ಕಳೆ ತೆಗೆಯುವುದೂ ಕೂಲಿ, ಕೌದಿ ಹೊಲಿಯುವುದೂ ಕೂಲಿ. ಜನಸಂದಣಿಯ ದಿನ ಆ ಹುಡುಗಿಗೆ ಅಷ್ಟು ವ್ಯವಧಾನ ಎಲ್ಲಿಂದ ಬರಬೇಕು? ಆದ್ದರಿಂದ ನಂಬರು ಹತ್ತಿರದ್ದಷ್ಟೇ ಇದ್ದರೆ ಕೊನೆಯ ಹೊಂದಾಣಿಕೆ ಅಂಗಡಿಯಲ್ಲೇ ಆಗಲಿ, ಅಲ್ಲಿ ಕೇಳಿ ಕೊಡುವವರಿದ್ದಾರೆ ಎಂಬುದು ನನ್ನ ವಾದ. ಚೀಟಿಯನ್ನು ಅಂಗಡಿಯವನು ತಿದ್ದುವುದೇ ಎಂದು ದೊಡ್ಡ ಆಸ್ಪತ್ರೆಯ ಡಾಕ್ಟರು ಹುಬ್ಬೇರಿಸಿದರು. ತಿದ್ದಿದ್ದನ್ನು ಬರೆದು ವಾಪಸು ಕಳಿಸಲಿ, ನೀವು ನೋಡಿ ಎಂದೆ. ಮಾತು ಅಲ್ಲಿಗೆ ನಿಂತಿದೆ.

ಅಂಗಡಿಯಿಂದ ಕ್ಲಿನಿಕ್ಕಿಗೆ

ಎದುರು ದಾರಿಯದು ಇನ್ನೊಂದು ಕಥೆ. ಅಂಗಡಿಯವರನ್ನು ನಾನು ಹೊಗಳಿದ್ದು ಸಾಕು, ಈಗ ಅವರ ಇನ್ನೊಂದು ಮುಖ.

ಕಣ್ಣು ಮಬ್ಬಾದರೆ ನಮ್ಮಲ್ಲಿ ಜನ ಮೊದಲು ಹೋಗುವುದು ಅಂಗಡಿಗೆ. ಅರವತ್ತರ ಮೇಲಿನವರಿಗೆ ಕೆಲವೊಮ್ಮೆ ಇದ್ದಕ್ಕಿದ್ದಂತೆ ಚಾಳೀಸಿಲ್ಲದೆ ಪಂಚಾಂಗ ಓದಲು ಬರುತ್ತದೆ. ಕಣ್ಣು ಮರಳಿ ಬಂತೆಂದು ಮನೆಯವರಿಗೆಲ್ಲ ಖುಷಿ. ಅದು ಪೊರೆಯ ಆಟ. ಮಸೂರದ ನಡುಭಾಗ ಗಟ್ಟಿಯಾಗುತ್ತ ಹೋದಂತೆ ಕಣ್ಣು ಮೈನಸ್ಸಿನ ಕಡೆಗೆ ಜಾರುತ್ತದೆ, ಹತ್ತಿರದ್ದು ತಾತ್ಕಾಲಿಕವಾಗಿ ಸ್ಪಷ್ಟವಾಗುತ್ತದೆ, ದೂರದ್ದು ಮಬ್ಬಾಗುತ್ತದೆ. ಅಂಗಡಿಯವನು ದೂರಕ್ಕೆ ಮೈನಸ್ ಹಾಕಿ ಕೊಡುತ್ತಾನೆ. ಕೆಲವು ತಿಂಗಳಲ್ಲಿ ಇನ್ನಷ್ಟು ಮೈನಸ್. ಪ್ರತಿ ಸಲವೂ ಹೊಸ ಗಾಜು, ಹೊಸ ಬಿಲ್ಲು. ಇದರಲ್ಲಿ ಮೋಸ ಎಷ್ಟು, ಗೊತ್ತಿಲ್ಲದಿರುವುದು ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಸಕ್ಕರೆ ಕಾಯಿಲೆಯವರದು ಇನ್ನೊಂದು ಬಗೆ. ಸಕ್ಕರೆ ಏರಿಳಿದಂತೆ ನಂಬರೂ ಏರಿಳಿಯುತ್ತದೆ. ಈ ವಾರ ಮಾಡಿಸಿದ ಕನ್ನಡಕ ಮುಂದಿನ ತಿಂಗಳು ಒಗ್ಗುವುದಿಲ್ಲ. ಆಪರೇಷನ್ ಆದವರೂ ಅಷ್ಟೆ. ಗಾಯ ಮಾಗಿ ನಂಬರು ಒಂದು ಹದಕ್ಕೆ ಬರಲು ತಿಂಗಳಾದರೂ ಬೇಕು, ಇವರು ಹಸಿರು ಪಟ್ಟಿ ತೆಗೆದ ವಾರಕ್ಕೇ ಅಂಗಡಿಯಲ್ಲಿ ಹಾಜರು.

ಅಂಗಡಿಯವರಿಗೆ ತರಬೇತಿ ಎಂದು ಕರೆದು ಪ್ರೊಜೆಕ್ಟರ್ ಹಚ್ಚಿ ಕಣ್ಣಿನ ಚಿತ್ರ ತೋರಿಸಿದರೆ ಮುಂದಿನ ಸಲ ಯಾರೂ ಬರುವುದಿಲ್ಲ. ಅದಕ್ಕೆ ಒಂದೊಂದು ಪಿನ್‌ಹೋಲ್ ಕೊಟ್ಟೆವು. ಸಣ್ಣ ತೂತುಗಳಿರುವ ಕಪ್ಪು ತಗಡು, ಅಷ್ಟೆ. ಚಾರ್ಟಿನಲ್ಲಿ ಓದಲಾಗದವರು ಅದರ ತೂತಿನಿಂದ ನೋಡಿದಾಗ ಓದಿದರೆ ತೊಂದರೆ ನಂಬರಿನದು, ಅಂಗಡಿಯವರು ನೋಡಿಕೊಳ್ಳಬಹುದು. ಆಗಲೂ ಓದದಿದ್ದರೆ ಗಾಜು ಮಾರದೆ ನಮಗೆ ಕಳಿಸಬೇಕು. ಅರವತ್ತು ದಾಟಿದವರ ನಂಬರು ಬೇಗ ಬೇಗ ಮೈನಸ್ಸಿಗೆ ಹೋಗುತ್ತಿದ್ದರೂ ಕಳಿಸಬೇಕು. ಗ್ಲಾಕೋಮಾದಂಥದ್ದು ಇದರಿಂದ ತಿಳಿಯುವುದಿಲ್ಲ. ಅದರಲ್ಲಿ ನೇರದ ನೋಟ ಕೊನೆಯವರೆಗೂ ಚೆನ್ನಾಗಿಯೇ ಇರಬಹುದು, ಅಕ್ಕಪಕ್ಕದ್ದು ಹೋಗಿರುತ್ತದೆ. ಹಾಗಾಗಿ ಮನೆಯಲ್ಲಿ ಯಾರಿಗಾದರೂ ಅದಿದ್ದರೆ ಸುಮ್ಮನೆ ಕಳಿಸಿ ಎಂದಿದ್ದೇವೆ.

ಕಳಿಸಿದರೆ ನನಗೇನು ಸಿಗುತ್ತದೆ ಎಂದು ಒಬ್ಬರು ನೇರವಾಗಿಯೇ ಕೇಳಿದರು. ಉಳಿದವರು ಕೇಳಲಿಲ್ಲ, ಕಾದು ನೋಡಿದರು. ತಲೆಗಿಷ್ಟು ಎಂದು ಕಮಿಷನ್ ಕೊಡುವ ಅಭ್ಯಾಸ ಈ ದಂಧೆಯಲ್ಲಿ ಎರಡೂ ಕಡೆ ಇದೆ, ಮುಚ್ಚಿಡುವುದೇನು. ನಾವು ಕೊಡುವುದಿಲ್ಲ. ಬದಲಿಗೆ ಒಪ್ಪಿದ್ದೇನೆಂದರೆ, ಯಾವ ಅಂಗಡಿಯಿಂದ ಬಂದವರೋ ಅವರ ಚೀಟಿ ಅದೇ ಅಂಗಡಿಗೆ ವಾಪಸು ಹೋಗಬೇಕು. ಕ್ಲಿನಿಕ್ಕಿನ ಹೊರಗೆ ನಿಂತು "ಇಲ್ಲಿ ಬರ್ರಿ" ಎಂದು ಕರೆಯುವ ಹುಡುಗರಿಗೆ ಸಿಗಬಾರದು. ಕಾಕಾಗೆ ಇದು ಒಪ್ಪಿತವಾಯಿತು. ಅವರ ಅಂಗಡಿಯಿಂದ ಬಂದ ಒಬ್ಬ ಅಜ್ಜಿಗೆ ಪೊರೆ ತೆಗೆದ ಮೇಲೆ, ಆಕೆಯ ಇಡೀ ಓಣಿ ಅವರ ಗಿರಾಕಿಯಾಯಿತೆಂದು ಈಗಲೂ ಹೇಳುತ್ತಿರುತ್ತಾರೆ. ಆಪರೇಷನ್ ಮಾಡಿಸಿದ್ದೇ ಕಾಕಾ ಎಂದು ಓಣಿಯವರ ತಿಳಿವಳಿಕೆ. ಅವರೂ ಅದನ್ನು ತಿದ್ದಲು ಹೋಗಿಲ್ಲ.

ಒಂದು ಸ್ಕ್ರೂವಿನ ಲೆಕ್ಕ

ಈಚೆಗಿನ ನನ್ನ ಜಗಳ ರಿಪೇರಿಯದು. ಉಚಿತ ಕನ್ನಡಕದ ಕಡ್ಡಿ ಸಡಿಲಾಗುತ್ತದೆ, ಮೂಗಿನ ಪ್ಯಾಡು ಬೆವರಿಗೆ ಹಸಿರುಗಟ್ಟುತ್ತದೆ, ಸ್ಕ್ರೂ ಬೀಳುತ್ತದೆ. ಹಳ್ಳಿಯಲ್ಲಿ ಅದಕ್ಕೆ ದಾರ ಕಟ್ಟುತ್ತಾರೆ, ಇಲ್ಲವೇ ಮಾಡಕ್ಕೆ ಹಾಕುತ್ತಾರೆ. ಎರಡು ನಿಮಿಷದ ಕೆಲಸ, ಆದರೆ ಆ ಎರಡು ನಿಮಿಷಕ್ಕೆ ಉಪಕರಣವೂ ಕೈಯೂ ಬೇಕು, ಅವು ಇರುವುದು ಅಂಗಡಿಯಲ್ಲಿ. ಹೊಸ ಕನ್ನಡಕ ಹಂಚುವ ಹಣದಲ್ಲಿ ಒಂದು ಪಾಲನ್ನು ರಿಪೇರಿಗೆಂದು ಅಂಗಡಿಗಳಿಗೆ ಕೊಡಿ, ನಾವು ಕೊಟ್ಟ ಯಾವ ಕನ್ನಡಕ ತಂದರೂ ಅವರು ಬಿಗಿಮಾಡಿ ಕೊಡಲಿ ಎಂದು ಟ್ರಸ್ಟಿನ ಮುಂದೆ ಇಟ್ಟೆ. ಹಂಚಿದ್ದರ ಸಂಖ್ಯೆ ಕಡಿಮೆಯಾಗುತ್ತದಲ್ಲ ಎಂದರು. ಆಗುತ್ತದೆ ಎಂದೆ. ಬಹಳ ಎಳೆದಾಡಿ ಒಪ್ಪಿದರು.

ಆದರೆ ಲೆಕ್ಕದ ವಿಭಾಗ ಪ್ರತಿ ರಿಪೇರಿಗೆ ಒಂದು ವೋಚರು, ಅದರ ಮೇಲೆ ಫಲಾನುಭವಿಯ ಸಹಿ, ಕನ್ನಡಕದ ಫೋಟೊ ಬೇಕೆಂದಿತು. ಫಾರ್ಮಿನ ಕಟ್ಟು ಹೊತ್ತು ಕಾಕಾನ ಅಂಗಡಿಗೆ ಹೋದೆ. ಅವರು ಒಂದನ್ನು ತೆಗೆದು, ತಮ್ಮದೇ ಚಾಳೀಸು ಮೂಗಿನ ತುದಿಗೆ ಇಳಿಸಿಕೊಂಡು, ಮೇಲಿಂದ ಕೆಳಗಿನ ತನಕ ಓದಿದರು.

"ಮೇಡಂ, ಒಂದ್ ಸ್ಕ್ರೂಗೆ ಒಂದ್ ಸಹಿ ಅಂದ್ರ, ಸಹಿ ಹಾಕಿಸಾಕ ಒಬ್ಬ ಆಳು ಇಡಬೇಕಾಕ್ಕೈತ್ರಿ. ಆ ಆಳಿನ ಪಗಾರ ಯಾವ ಕಾಲಮ್ಮಿನ್ಯಾಗ ಬರೀಲಿ?"

ಈಗ ತಿಂಗಳಿಗೆ ಇಂತಿಷ್ಟು ಎಂದು ಒಟ್ಟು ಮೊತ್ತ ಕೊಡುವ ಪತ್ರ ಬರೆದು ಕಳಿಸಿದ್ದೇನೆ. ಲೆಕ್ಕದವರು ನೋಡುತ್ತಿದ್ದಾರೆ. ಕಾಕಾ ಅಷ್ಟರಲ್ಲೇ ಸ್ಕ್ರೂ ಹಾಕಿ ಕೊಡುತ್ತಿದ್ದಾರೆ. ಕೆಂಪು ವಹಿಯ ಕೊನೆಯ ಪುಟದಲ್ಲಿ ನಮ್ಮ ಹೆಸರಿನಲ್ಲಿ ಒಂದು ಉದ್ರಿ ಖಾತೆ ತೆರೆದಿದ್ದಾರಂತೆ.